ಊರಿಂದ ಬಂದ ಹಿರಿಯರ ಕಣ್ಣು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಮಾಡಿದ ಭಾಷಣ)



ಸಂಘದ ಹಬ್ಬದ ದಿನ ರೋಗದ ಮಾತೇ ಎಂದು ಹುಬ್ಬೇರಿಸಬೇಡಿ. ಚಳಿಗಾಲ ಬಂತೆಂದರೆ ನಮ್ಮ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಸಿತ್ರಾದಲ್ಲಿ ಸಾಮಾನ್ಯ ವೈದ್ಯನಾದ ನನ್ನ ಬಳಿಗೆ ಬಿ.ಪಿ., ಸಕ್ಕರೆ ನೋಡಿಸಲು ಅವರನ್ನು ಕರೆತರುತ್ತೀರಿ. ಹೊರಡುವಾಗ ಬಾಗಿಲ ಬಳಿ ನಿಂತು ಹೇಳುತ್ತೀರಿ: "ಅಮ್ಮನ ಕಣ್ಣಿಗೆ ಊರಲ್ಲಿ ಇಂಜೆಕ್ಷನ್ ಕೊಡುತ್ತಿದ್ದರು ಡಾಕ್ಟ್ರೇ. ಈಗ ಚೆನ್ನಾಗಿ ಕಾಣುತ್ತದಂತೆ. ಉಳಿದದ್ದು ಊರಿಗೆ ಹೋದ ಮೇಲೆ ನೋಡೋಣ." ಈ 'ಆಮೇಲೆ ನೋಡೋಣ' ಎಂಬ ಮಾತಿನ ಬಗ್ಗೆಯೇ ನನಗೆ ತಕರಾರು.

ಇದು ಪೊರೆಯಲ್ಲ. ಪೊರೆಯ ಶಸ್ತ್ರಕ್ರಿಯೆ ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದಿಂದ ನಮ್ಮವರಿಗೆ ಪರಿಚಿತ. ಇಲ್ಲಿ ಕೆಡುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದ ನಡುಭಾಗ, ಮ್ಯಾಕ್ಯುಲಾ. ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ಬೇಕಾದ ಜಾಗ ಅದು. ವಯಸ್ಸಾದಂತೆ ಅದು ಸವೆಯುವ 'ಒಣ' ಬಗೆಯೇ ಹೆಚ್ಚು. ಕೆಲವರಲ್ಲಿ ಅದರ ಅಡಿಯಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಇದು 'ಒದ್ದೆ' ಬಗೆ. ಇಂಜೆಕ್ಷನ್ ಇದಕ್ಕೆ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ನೇತ್ರದಾನವಾದ ಮೇಲೆ "ಬೇರೆ ಕಣ್ಣು ಹಾಕಿಸಬಾರದೇ?" ಎಂದು ಕೇಳುವವರೂ ಇದ್ದಾರೆ. ದಾನದ ಕಣ್ಣಿನಿಂದ ಬದಲಿಸುವುದು ಮುಂಭಾಗದ ಪಾರದರ್ಶಕ ಪಟಲವನ್ನು ಮಾತ್ರ. ಅಕ್ಷಿಪಟಲ ಸತ್ತರೆ ಸತ್ತಂತೆಯೇ.

2006ರಲ್ಲಿ ರಾನಿಬಿಜುಮಾಬ್, 2011ರಲ್ಲಿ ಅಫ್ಲಿಬರ್ಸೆಪ್ಟ್ ಎಂಬ ಔಷಧಗಳಿಗೆ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಇವು ಸೋರಿಕೆಯನ್ನು ಅಡಗಿಸುತ್ತವೆ, ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಮದ್ದಿನ ಬಲ ಕೆಲವು ವಾರಗಳದ್ದು. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್. ಮುಂದಿನದು ಎಷ್ಟು ವಾರಕ್ಕೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಓ.ಸಿ.ಟಿ. ಎಂಬ ಚಿತ್ರ.

1991ರಲ್ಲಿ ಅಮೆರಿಕದ ಹುವಾಂಗ್, ಫ್ಯೂಜಿಮೋಟೊ ಮುಂತಾದವರು ಪ್ರಕಟಿಸಿದ ವಿಧಾನವಿದು. ಎಕ್ಸ್-ರೇ ಇಲ್ಲ, ನೋವಿಲ್ಲ. ಗಲ್ಲವೂರಿ ಯಂತ್ರದೊಳಗಿನ ಗುರುತನ್ನು ನೋಡುತ್ತಿದ್ದರೆ ಸಾಕು, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಪತ್ರೊಡೆಯನ್ನು ಹೋಳು ಮಾಡಿದಾಗ ಎಲೆ, ಹಿಟ್ಟು ಪದರ ಪದರವಾಗಿ ಕಾಣುವುದಿಲ್ಲವೇ? ಹಾಗೆ, ಮಿಲಿಮೀಟರಿನ ಕಾಲು ಭಾಗದಷ್ಟೇ ದಪ್ಪವಿರುವ ಅಕ್ಷಿಪಟಲದ ಪದರಗಳು ಕಾಣುತ್ತವೆ. ನೀರು ನಿಂತಿದ್ದರೆ ಕಪ್ಪು ಗುಳ್ಳೆಯಾಗಿ ತೋರುತ್ತದೆ.

ನಮ್ಮ ಕರಾವಳಿಯ ಮಳೆಯಲ್ಲಿ ಗೋಡೆಯ ಗಿಲಾವಿನ ಹಿಂದೆ ನೀರಿಳಿಯುತ್ತದೆ. ಬಣ್ಣ ಉದುರುವವರೆಗೆ ಯಾರಿಗೂ ತಿಳಿಯದು. ಕಣ್ಣಿನಲ್ಲೂ ಎಷ್ಟೋ ಸಲ ನೀರು ಮೊದಲು, ಮಂಜು ಆಮೇಲೆ. ಮೇಲಾಗಿ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. "ಚೆನ್ನಾಗಿ ಕಾಣುತ್ತದೆ" ಎಂದು ಅಮ್ಮ ಹೇಳುವುದು ಸುಳ್ಳಲ್ಲ, ಆದರೆ ಅಷ್ಟು ಸಾಲದು. ಆರು ವಾರಕ್ಕೆ ತೆಗೆದ ಚಿತ್ರ ಒಣಗಿದ್ದರೆ ವೈದ್ಯರು ಅಂತರವನ್ನು ಎಂಟಕ್ಕೆ ಹಿಗ್ಗಿಸುತ್ತಾರೆ. ನೀರು ಕಂಡರೆ ಮತ್ತೆ ಕುಗ್ಗಿಸುತ್ತಾರೆ. ನಮ್ಮ ವಿಮಾನದ ಟಿಕೆಟು ಈ ಲೆಕ್ಕವನ್ನು ಕೇಳುವುದಿಲ್ಲ, ನಾವೇ ಕೇಳಬೇಕು.

ಆದ್ದರಿಂದ ಟಿಕೆಟ್ ಮಾಡಿಸುವ ಮುನ್ನ ಊರಿನ ಕಣ್ಣಿನ ವೈದ್ಯರನ್ನು ವಿಚಾರಿಸಿ. ಯಾವ ಕಣ್ಣು, ಯಾವ ಮದ್ದು, ಕೊನೆಯದು ಯಾವ ತಾರೀಕು, ಮುಂದಿನದು ಎಂದು ಎಂಬುದನ್ನು ಬರೆಸಿಕೊಳ್ಳಿ. ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ತನ್ನಿ. ಕಪ್ಪುಬಿಳುಪು ಜೆರಾಕ್ಸ್ ತಂದರೆ ಇಲ್ಲಿಯ ತಜ್ಞರಿಗೆ ಮಸಿಯಷ್ಟೇ ಕಾಣುತ್ತದೆ! ಯಂತ್ರದಿಂದ ಯಂತ್ರಕ್ಕೆ ದಪ್ಪದ ಅಂಕಿ ಬದಲಾಗುವುದುಂಟು. ಊರಿನಲ್ಲಿ 260 ಇದ್ದದ್ದು ಇಲ್ಲಿ 280 ಬಂದ ಮಾತ್ರಕ್ಕೆ ರೋಗ ಹೆಚ್ಚಿತೆಂದಲ್ಲ. ಅಂಕಿಗಿಂತ ಚಿತ್ರ ಮುಖ್ಯ. ಗಡುವು ಇಲ್ಲಿರುವಾಗಲೇ ಬಿದ್ದರೆ ಇಲ್ಲಿಯೇ ಚಿತ್ರ ತೆಗೆಸಿ, ಇಂಜೆಕ್ಷನ್ ಬೇಕೆಂದರೆ ಇಲ್ಲಿಯೇ ಕೊಡಿಸಿ.

ಮನೆಯಲ್ಲಿ ಮೊಮ್ಮಗನ ಲೆಕ್ಕದ ಚೌಕುಳಿ ಪುಸ್ತಕ ಇರುತ್ತದೆ. ಓದುವ ಕನ್ನಡಕ ಹಾಕಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಅಜ್ಜಿಗೆ ತೋರಿಸಿ. ಗೆರೆ ಹೊಸದಾಗಿ ಸೊಟ್ಟಗಾದರೆ, ನಡುವೆ ಕಲೆ ಕಂಡರೆ, ಗಡುವಿಗೆ ಕಾಯದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಗೆರೆ ನೆಟ್ಟಗಿದ್ದರೂ ಓ.ಸಿ.ಟಿ. ತಪ್ಪಿಸಬೇಡಿ. ಇಂಜೆಕ್ಷನ್ ಆದ ಕೆಲವು ದಿನಗಳಲ್ಲಿ ಕಣ್ಣು ನೋಯುತ್ತಾ ಕೆಂಪಾಗಿ ಮಂಜಾದರೆ ಅದು ಸೋಂಕಿರಬಹುದು. ಅಪರೂಪ, ಆದರೆ ಅಂದೇ ತೋರಿಸಬೇಕಾದದ್ದು, ಶುಕ್ರವಾರದ ರಜೆಯಾದರೂ ಸರಿ.

ಪ್ರಶ್ನೆಗಳಿದ್ದವರು ಊಟದ ಹೊತ್ತಿನಲ್ಲಿ ಧಾರಾಳವಾಗಿ ಕೇಳಿ.