ದಾನವೋ, ಜಾಹೀರಾತೋ?



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡ ಜೈನ ಕುಟುಂಬಗಳ ಸಂಖ್ಯೆ ಅಲ್ಪ. ಮಹಾವೀರ ಜಯಂತಿ, ವಿದ್ಯಾರ್ಥಿವೇತನ, ರಕ್ತದಾನ ಶಿಬಿರ, ಕನ್ನಡ ಕಾರ್ಯಕ್ರಮಗಳ ವೆಚ್ಚವನ್ನು ಕೆಲವರೇ ಹೊರಬೇಕಾದಾಗ, ಕಾರ್ಯಕರ್ತರ ದೃಷ್ಟಿ ಸಹಜವಾಗಿಯೇ ಠಾಣೆ-ಬೇಲಾಪುರ ಪಟ್ಟಿಯ, ತಳೋಜಾದ, ಡೊಂಬಿವಲಿ ಎಂಐಡಿಸಿಯ ಕಂಪೆನಿಗಳತ್ತ ಹೊರಳುತ್ತದೆ. ಕೇಳುವುದು ತಪ್ಪಲ್ಲ. ಆದರೆ ಏನನ್ನು ಕೇಳಲಾಗುತ್ತಿದೆ, ಪ್ರತಿಯಾಗಿ ಏನನ್ನು ಕೊಡಲಾಗುತ್ತಿದೆ ಎಂಬ ವಿವೇಕ ಅಗತ್ಯ.

2013ರ ಕಂಪೆನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತು, 1000 ಕೋಟಿಗಳ ವಹಿವಾಟು, ಅಥವಾ 5 ಕೋಟಿಗಳ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಹಿತಕ್ಕೆ ವ್ಯಯಿಸಬೇಕು. ಹಸಿವು, ಆರೋಗ್ಯ, ಶಿಕ್ಷಣಗಳ ಜೊತೆಗೆ ಪರಂಪರೆ, ಕಲೆ, ಸಂಸ್ಕೃತಿ, ಸಾರ್ವಜನಿಕ ಗ್ರಂಥಾಲಯಗಳೂ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿವೆ. ಕಂಪೆನಿಯು ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂಬ ಮಾತೂ ಅಲ್ಲಿದೆ.

ಅದೇ ಕಾನೂನು ಒಂದು ಗೆರೆಯನ್ನೂ ಎಳೆದಿದೆ. ಮ್ಯಾರಥಾನ್, ಪ್ರಶಸ್ತಿ, ಟಿವಿ ಕಾರ್ಯಕ್ರಮದ ಪ್ರಾಯೋಜಕತ್ವದಂತಹ ಒಂದು ದಿನದ ಕಾರ್ಯಗಳು ಈ ಬಾಬಿಗೆ ಸೇರವೆಂದು ಕೇಂದ್ರ ಸರ್ಕಾರ 2014ರ ಜೂನ್ ತಿಂಗಳಲ್ಲೇ ಸ್ಪಷ್ಟಪಡಿಸಿತು. 2021ರ ಜನವರಿಯ ತಿದ್ದುಪಡಿಯಂತೆ, ಸರಕು ಅಥವಾ ಸೇವೆಯ ಪ್ರಚಾರಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವವೂ ಹೊರಗೆ. ಜಿಎಸ್‌ಟಿಯದೂ ಇದೇ ನ್ಯಾಯ. ಕೃತಜ್ಞತೆಗಾಗಿ ದಾನಿಯ ಹೆಸರನ್ನು ಫಲಕದಲ್ಲಿ ಬರೆದರೆ ತೆರಿಗೆಯಿಲ್ಲ. ಅದೇ ಫಲಕ ದಾನಿಯ ವ್ಯಾಪಾರವನ್ನು ಸಾರತೊಡಗಿದರೆ ಅದು ದಾನವೆನಿಸದು ಎಂದು 2019ರ ಅಕ್ಟೋಬರ್ ಸುತ್ತೋಲೆ ಹೇಳುತ್ತದೆ. ಆದ್ದರಿಂದ ಸ್ಮರಣ ಸಂಚಿಕೆಯ ಹಿಂಬದಿಯ ಪುಟ, ವೇದಿಕೆಯ ಬ್ಯಾನರು ಇವು ಜಾಹೀರಾತುಗಳೇ. ಅವನ್ನು ಮಾರುವುದರಲ್ಲಿ ಪಾಪವಿಲ್ಲ. ಆದರೆ ಲೆಕ್ಕದಲ್ಲಿ ಅವನ್ನು ದಾನವೆಂದು ಬರೆಯುವುದು ಅಸತ್ಯ. ಚೆಕ್ಕು ಕೊಟ್ಟು ನಗದನ್ನು ಹಿಂದಕ್ಕೆ ಕೇಳುವವನಿದ್ದರೆ ಅವನಿಗೆ ಬಾಗಿಲನ್ನೇ ತೋರಿಸಬೇಕು. ಅಚೌರ್ಯಾಣುವ್ರತ ಪಾಲಿಸುವ ಸಮಾಜಕ್ಕೆ ಇದನ್ನು ಕಾನೂನು ಕಲಿಸಬೇಕಾಗಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಕಂಪೆನಿಯ ಹಣವನ್ನು ಪಡೆದು ಕೆಲಸ ನಡೆಸುವ ಸಾರ್ವಜನಿಕ ಟ್ರಸ್ಟಿಗೆ ಸಾಮಾನ್ಯವಾಗಿ 80ಜಿ ಎಂದು ರೂಢಿಯಲ್ಲಿರುವ ಮಾನ್ಯತೆ, ಮೂರು ವರ್ಷಗಳ ಕಾರ್ಯಾನುಭವ, ಕಂಪೆನಿ ಮಂತ್ರಾಲಯದ ನೋಂದಣಿ ಬೇಕು. ಒಂದೇ ಧರ್ಮ ಅಥವಾ ಜಾತಿಯವರಿಗಾಗಿ ಸ್ಥಾಪಿತವಾದ ಸಂಸ್ಥೆಗೆ 80ಜಿ ದೊರೆಯುವುದಿಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಬಂದರೂ ಈ ನಿಯಮ ಸಡಿಲವಾಗಲಿಲ್ಲ. ಜೈನ ಮಕ್ಕಳಿಗೆ ಮಾತ್ರ ವಿದ್ಯಾರ್ಥಿವೇತನ ಕೊಡುವುದಾದರೆ ಸಮಾಜವು ತನ್ನ ಕಿಸೆಯಿಂದಲೇ ಕೊಡಬೇಕು; ಕಂಪೆನಿಯ ಹಣ ಬೇಕಾದರೆ ಬಾಗಿಲನ್ನು ನೆರೆಯವರಿಗೂ ತೆರೆಯಬೇಕು. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಬಾರದು.

ಬಾಗಿಲು ತೆರೆಯುವುದು ಜೈನರಿಗೆ ಹೊಸದಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅದರಿಂದ ಉಳಿದದ್ದು ಕನ್ನಡವೆಲ್ಲದರ ಸಂಪತ್ತು. ಈ ಕಾಲದ ಉದಾಹರಣೆ ಭಾರತೀಯ ಜ್ಞಾನಪೀಠ. ಉದ್ಯಮಿ ಸಾಹು ಶಾಂತಿಪ್ರಸಾದ ಜೈನ್ ಮತ್ತು ರಮಾ ಜೈನ್ ದಂಪತಿಗಳು 1944ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಕನ್ನಡ ನಾಡಿನ ತಾಳೆಗರಿ ಗ್ರಂಥಗಳ ಸೂಚಿಯನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳಿಂದ ಸಿದ್ಧಪಡಿಸಿ ಪ್ರಕಟಿಸಿತು. 1965ರಿಂದ ಅದು ನೀಡುತ್ತಿರುವ ಪ್ರಶಸ್ತಿ ಕುವೆಂಪು ಅವರಿಂದ ಕಂಬಾರರವರೆಗೆ ಎಂಟು ಮಂದಿ ಕನ್ನಡ ಲೇಖಕರಿಗೆ ಸಂದಿದೆ. ಆ ಪ್ರಶಸ್ತಿಗೆ ಯಾವ ಕಾರ್ಖಾನೆಯ ಹೆಸರೂ ಇಲ್ಲ. ಜಾತಿಯ ಬೇಲಿಯೂ ಇಲ್ಲ. ಶಾಸ್ತ್ರದಾನವೆಂದರೆ ಇದು.

ಆಹಾರ, ಔಷಧ, ಶಾಸ್ತ್ರಗಳ ಜೊತೆ ನಾಲ್ಕನೆಯದು ಅಭಯದಾನ. 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟಗಳಾಗಿ ಜನ ಸತ್ತರು. ಸುತ್ತಲಿನ ಮನೆಗಳ ಗಾಜುಗಳು ಒಡೆದವು. ಕಾರ್ಮಿಕನ ಸುರಕ್ಷತೆ, ನೆರೆಯವರ ಗಾಳಿ ನೀರು ಶುದ್ಧವಾಗಿರುವುದು ಕಂಪೆನಿಯ ದಾನವಲ್ಲ, ಅದರ ಋಣ. ಬ್ಯಾನರಿಗಾಗಿ ಕಾರ್ಖಾನೆಯೆದುರು ಕೈಯೊಡ್ಡಿದ ಸಂಘವು ನಾಳೆ ಅದರ ಹೊಗೆಯ ಬಗ್ಗೆ ಕೇಳಬಲ್ಲದೇ? ಅಹಿಂಸೆಯನ್ನು ವೇದಿಕೆಯಲ್ಲಿ ಬೋಧಿಸಿ, ಬೀದಿಯಲ್ಲಿ ಮೌನ ತಾಳುವುದು ಧರ್ಮವಲ್ಲ.

ಸರ್ಕಾರದ ನಡೆಯೂ ಪ್ರಶ್ನಾತೀತವಲ್ಲ. 2020ರ ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್ ನಿಧಿಗೆ ಕೊಟ್ಟದ್ದು ಈ ಬಾಬಿಗೆ ಸಲ್ಲುತ್ತದೆಂದೂ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ಸಲ್ಲದೆಂದೂ ಕೇಂದ್ರವು ಹೇಳಿತು. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎನ್ನುವ ಕಾನೂನು ದಿಲ್ಲಿಯ ನಿಧಿಗೆ ಹೆದ್ದಾರಿಯನ್ನೂ ರಾಜ್ಯದ ನಿಧಿಗೆ ಗೋಡೆಯನ್ನೂ ಕಟ್ಟಿದ್ದು ಒಕ್ಕೂಟ ವ್ಯವಸ್ಥೆಗೆ ಒಪ್ಪುವ ಮಾತಲ್ಲ.

ಆದುದರಿಂದ ಸಂಘಗಳ ಕಾರ್ಯಕಾರಿ ಸಮಿತಿಗಳು ಮೂರು ನಿರ್ಣಯಗಳನ್ನು ಕೈಗೊಳ್ಳಲಿ. ದಾನ, ಜಾಹೀರಾತು, ಕಂಪೆನಿ ನಿಧಿಗಳನ್ನು ಬೇರೆಬೇರೆಯಾಗಿ ತೋರಿಸುವ ಲೆಕ್ಕಪತ್ರ ವಾರ್ಷಿಕ ಸಭೆಯಲ್ಲಿ ಕನ್ನಡದಲ್ಲಿ ಓದಲ್ಪಡಲಿ. ಯಾರ ಹಣವನ್ನು ಸ್ವೀಕರಿಸಬಾರದೆಂಬ ನಿಯಮ ಮೊದಲೇ ಬರವಣಿಗೆಯಲ್ಲಿರಲಿ. ಒಂದು ದಿನದ ಉತ್ಸವಕ್ಕಿಂತ ಹಲವು ವರ್ಷ ನಡೆಯುವ ವಾಚನಾಲಯಕ್ಕೆ, ಔಷಧಾಲಯಕ್ಕೆ ಕಂಪೆನಿಯ ನೆರವನ್ನು ಕೇಳಲಿ. ಅವು ಎಲ್ಲರಿಗೂ ತೆರೆದಿರಲಿ.

ಅಪರಿಗ್ರಹವು ಕೊಡುವವನಿಗೆ ಮಾತ್ರ ವಿಧಿಸಿದ ವ್ರತವಲ್ಲ. ಪಡೆಯುವ ಸಂಸ್ಥೆಗೂ ಅದು ಮಿತಿಯನ್ನು ಹಾಕುತ್ತದೆ.