ಹಳೆಯ ಕರ್ನೆಲ್‌ಗೆ ಹೊಸ ತಿದ್ದುಪಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಕೆಲಸದ ಬಗ್ಗೆ ಮಕ್ಕಳಿಗೆ ತಿಳಿಯುವ ಹಾಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ಕಂಪ್ಯೂಟರ್ ಕೆಲಸ ಎಂದರೆ ಹೊಸದನ್ನು ಕಟ್ಟುವುದು ಎಂದೇ ಹೆಚ್ಚಿನವರ ಎಣಿಕೆ. ಹೊಸ ಲಿನಕ್ಸ್‌ನಲ್ಲಿ ಸರಿಪಡಿಸಿದ ದೋಷವನ್ನು ಹಳೆಯ ಲಿನಕ್ಸ್‌ನಲ್ಲೂ ಸರಿಪಡಿಸುವುದು ನನ್ನ ಕೆಲಸ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಶಿವಾಜಿನಗರದ ಮಕ್ಕಳಿಗೆ ಇದು ಅಪರಿಚಿತವಲ್ಲ. ನಮ್ಮ ಗುಜರಿ ಅಂಗಡಿಗಳ ಬೀದಿಯಲ್ಲಿ ಒಂದು ಗಾಡಿಯ ಪಾರ್ಟನ್ನು ಇನ್ನೊಂದು ಗಾಡಿಗೆ ಕೂರಿಸುವುದನ್ನು ನೀವು ನೋಡಿದ್ದೀರಿ. ಬೋಲ್ಟಿನ ತೂತು ಹೊಂದಿದ ಮಾತ್ರಕ್ಕೆ ಗಾಡಿ ಓಡುವುದಿಲ್ಲ ಎಂದು ಅಲ್ಲಿನ ಮೆಕ್ಯಾನಿಕ್‌ಗೆ ಗೊತ್ತು.

ಮೊದಲು ಎರಡು ಪದಗಳನ್ನು ತಿಳಿದುಕೊಳ್ಳೋಣ. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವೂ ಅದರ ಕೈಯಲ್ಲಿರುತ್ತವೆ. ಇನ್ನು ವಿಪಿಎನ್. 2021ರಲ್ಲಿ 'ಊರ್ಜಾ' ಎಂಬ ಯಂತ್ರ ಕಂಟೋನ್ಮೆಂಟ್‌ನಿಂದ ಶಿವಾಜಿನಗರದವರೆಗೆ ಮೆಟ್ರೊ ಸುರಂಗ ಕೊರೆಯಿತು. ಮೇಲೆ ಎಷ್ಟೇ ಜನಜಂಗುಳಿ ಇರಲಿ, ಸುರಂಗದಲ್ಲಿ ಯಾರು ಹೋಗುತ್ತಾರೆ ಎಂಬುದು ರಸ್ತೆಯಲ್ಲಿರುವವರಿಗೆ ಕಾಣುವುದಿಲ್ಲ. ಎಲ್ಲರೂ ಬಳಸುವ ಇಂಟರ್ನೆಟ್ಟಿನೊಳಗೆ ಗೂಢಲಿಪಿಯಿಂದ ಮಾಡಿದ ಇಂಥ ಸುರಂಗವೇ ವಿಪಿಎನ್.

2020ರ ಮಾರ್ಚ್ 25ರಂದು ದೇಶಕ್ಕೆ ಲಾಕ್‌ಡೌನ್ ಬಿತ್ತು. ಬೆಂಗಳೂರಿನ ಕಚೇರಿಗಳು ಮನೆಗಳಿಗೆ ಬಂದವು. ಮನೆಗೂ ಕಚೇರಿಗೂ ನಡುವೆ ಉಳಿದ ದಾರಿ ವಿಪಿಎನ್. ಅದೇ ಮಾರ್ಚ್ 29ರಂದು ಲಿನಕ್ಸ್ 5.6 ಬಿಡುಗಡೆಯಾಯಿತು. ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಎಂಬ ವಿಪಿಎನ್ ಡ್ರೈವರ್ ಅದರಲ್ಲಿ ಮೊದಲ ಬಾರಿಗೆ ಕರ್ನೆಲ್‌ನ ಭಾಗವಾಯಿತು. ಮುಂದಿನ ತಿಂಗಳು ಬಂದ ಉಬುಂಟು 20.04ರ ಕರ್ನೆಲ್ 5.4 ಆಗಿದ್ದರೂ ವೈರ್‌ಗಾರ್ಡನ್ನು ಅದಕ್ಕೆ ಹಿಂದಕ್ಕೆ ತಂದು ಸೇರಿಸಿದರು. ಮೂಲ 5.4ರಲ್ಲಿ ಆ ಡ್ರೈವರ್ ಇಲ್ಲ. ಹಾಗಾಗಿ ಅದರ ತಿದ್ದುಪಡಿಗಳೂ ಮೂಲ 5.4 ಸರಣಿಯಲ್ಲಿ ಬರುವುದಿಲ್ಲ. ಸೇರಿಸಿದವರೇ ಅವನ್ನು ತರಬೇಕು. ನಮ್ಮ ತಂಡ ನೋಡಿಕೊಳ್ಳುವ ನೆಟ್‌ವರ್ಕ್ ಪೆಟ್ಟಿಗೆಗಳಲ್ಲೂ ಇಂಥದೇ ಕರ್ನೆಲ್ ಇದೆ.

2024ರ ಮಾರ್ಚ್‌ನಲ್ಲಿ ವೈರ್‌ಗಾರ್ಡ್‌ಗೆ ಒಂದು ಚಿಕ್ಕ ತಿದ್ದುಪಡಿ ಬಂತು. ಆ ದೋಷ ಏನೆಂದು ಶಾಲೆಯ ಭಾಷೆಯಲ್ಲೇ ಹೇಳುತ್ತೇನೆ. ದೊಡ್ಡ ತರಗತಿಯ ಹಾಜರಿಯನ್ನು ಮೇಷ್ಟ್ರು ಕಂತಿನಲ್ಲಿ ಕರೆಯುತ್ತಿದ್ದಾರೆ ಅಂದುಕೊಳ್ಳಿ. ಒಂದು ಹೆಸರಿನ ಮೇಲೆ ಬೆರಳಿಟ್ಟು ನಿಲ್ಲಿಸಿದ್ದಾರೆ. ಅಷ್ಟರಲ್ಲಿ ಆ ಹುಡುಗ ಒಬ್ಬನೇ ಟಿ.ಸಿ. ತೆಗೆದುಕೊಂಡರೆ ಹೆಸರಿಗೆ ಅಡ್ಡಗೆರೆ ಬೀಳುತ್ತದೆ; ಗೆರೆ ನೋಡಿ ಮೇಷ್ಟ್ರು ನಿಲ್ಲಿಸುತ್ತಾರೆ. ಆದರೆ ಇಡೀ ತರಗತಿಗೆ ಒಟ್ಟಿಗೆ ಟಿ.ಸಿ. ಕೊಟ್ಟಾಗ ಹೆಸರುಗಳು ಗೆರೆಯಿಲ್ಲದೆ ಒಂದು ಬಿಡಿ ಹಾಳೆಗೆ ಹೋಗುತ್ತವೆ. ಆ ಹಾಳೆ ಬೇಗನೆ ಕಸದ ಬುಟ್ಟಿಗೆ ಬೀಳುತ್ತದೆ. ಗೆರೆ ಕಾಣದ ಮೇಷ್ಟ್ರು ಇಲ್ಲದ ಹಾಳೆಯಿಂದ ಹೆಸರು ಕರೆಯತೊಡಗುತ್ತಾರೆ. ಕರ್ನೆಲ್‌ನಲ್ಲಿ ಇದರ ಅರ್ಥ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಓದುವುದು. ಆಗ ಯಂತ್ರ ಕುಸಿದು ನಿಲ್ಲಬಹುದು.

ಪರಿಹಾರ ಸರಳವಾಗಿತ್ತು. ವಿಪಿಎನ್‌ನ ಪ್ರತಿ ಸದಸ್ಯನ ದಾಖಲೆಯಲ್ಲಿ 'ಇವನು ಹೋದ' ಎಂಬ ಗುರುತು ಮೊದಲಿನಿಂದಲೂ ಇತ್ತು. ಅಡ್ಡಗೆರೆಯ ಬದಲು ಆ ಗುರುತನ್ನು ನೋಡು ಎಂದರು. ಬದಲಾದದ್ದು ಮುಖ್ಯವಾಗಿ ಒಂದು ಷರತ್ತು.

ಇಷ್ಟು ಚಿಕ್ಕದನ್ನು ನಕಲು ಮಾಡಿದರೆ ಸಾಲದೇ ಎಂದು ಕೇಳಬಹುದು. ಗಿಟ್ ಎಂಬ ಸಾಧನ ಒಂದೇ ಆಜ್ಞೆಯಲ್ಲಿ ನಕಲು ಮಾಡಿಕೊಡುತ್ತದೆ. ಹೊಂದದಿದ್ದರೆ ಅದು ತಕರಾರು ಮಾಡುತ್ತದೆ. ಅದು ಒಳ್ಳೆಯದೇ, ನಾವು ನಿಂತು ನೋಡುತ್ತೇವೆ. ಭಯ ಇರುವುದು ತಕರಾರಿಲ್ಲದೆ ಹೊಂದಿಕೊಂಡಾಗ. ಹಳೆಯ ಕರ್ನೆಲ್‌ನಲ್ಲಿ ಆ ಗುರುತು ಇದೆಯೇ? ಒಬ್ಬನನ್ನು ತೆಗೆದಾಗಲೂ ಎಲ್ಲರನ್ನೂ ತೆಗೆದಾಗಲೂ ಅದನ್ನು ಹಾಕುತ್ತಾರೆಯೇ? ಇದನ್ನು ಓದಿಯೇ ತಿಳಿಯಬೇಕು, ಗಿಟ್ ಹೇಳುವುದಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಬಿಡಿಸಿ ಓದುವ 'ಎನ್‌ಎಲ್‌ಎ ಪಾರ್ಸ್' ಎಂಬ ಫಂಕ್ಷನ್ 2018ರ ಲಿನಕ್ಸ್ 4.19ರಲ್ಲೂ ಇದೆ, 2019ರ 5.2ರಲ್ಲೂ ಇದೆ. ಹೆಸರು ಅದೇ, ಕರೆಯುವ ರೀತಿಯೂ ಅದೇ. ಆದರೆ ಗುರುತಿಲ್ಲದ ಮಾಹಿತಿ ಬಂದರೆ 4.19ರದು ಸುಮ್ಮನೆ ದಾಟಿ ಹೋಗುತ್ತದೆ, 5.2ರದು ತಿರಸ್ಕರಿಸುತ್ತದೆ. ಹೊಸದರ ಕಟ್ಟುನಿಟ್ಟನ್ನು ನಂಬಿ ಬರೆದ ತಿದ್ದುಪಡಿಯನ್ನು 4.19ಕ್ಕೆ ನಕಲು ಮಾಡಿದರೆ ದೋಷದ ಸೂಚನೆ ಬರುವುದಿಲ್ಲ, ರಕ್ಷಣೆಯೂ ಸಿಗುವುದಿಲ್ಲ. ಬಾಗಿಲಿಗೆ ಬೀಗ ನೇತುಹಾಕಿ ಚಿಲಕ ಹಾಕದೆ ಮಲಗಿದ ಹಾಗೆ.

ಅದಕ್ಕೇ ನಮ್ಮಲ್ಲೊಂದು ಕ್ರಮ ಇದೆ. ತಿದ್ದುಪಡಿ ಹಾಕುವ ಮೊದಲು ಹಳೆಯ ಕರ್ನೆಲ್‌ನಲ್ಲಿ ದೋಷವನ್ನು ನಾವೇ ಬೇಕೆಂದು ಎಬ್ಬಿಸುತ್ತೇವೆ. ತಿದ್ದುಪಡಿ ಹಾಕಿ ಮತ್ತೆ ಅದೇ ಪರೀಕ್ಷೆ ಮಾಡುತ್ತೇವೆ. ಮೊದಲು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೆ ತಾನೇ ಈಗ ನಿಂತಿದೆ ಎಂದು ಹೇಳಲು ಸಾಧ್ಯ? ಲಿನಕ್ಸ್‌ನ ಸ್ಥಿರ ಸರಣಿಗಳಿಗೂ ನಿಯಮಗಳಿವೆ: ತಿದ್ದುಪಡಿ ಅಥವಾ ಅದಕ್ಕೆ ಸಮನಾದದ್ದು ಮೊದಲು ಮುಖ್ಯ ಕರ್ನೆಲ್‌ನಲ್ಲಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು, ಪರೀಕ್ಷೆಯಾಗಿರಬೇಕು. ಮೂಲ ತಿದ್ದುಪಡಿಯ ಗುರುತು ಸಂಖ್ಯೆಯನ್ನೂ ಬರೆದವರ ಹೆಸರನ್ನೂ ಹಾಗೆಯೇ ಉಳಿಸುತ್ತೇವೆ. ಕಂಡುಹಿಡಿದವರು ಅವರು, ನಾವು ಹೊತ್ತು ತಂದವರು.

ಹೊಸ ಕರ್ನೆಲ್ಲನ್ನೇ ಹಾಕಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಆಗುವ ಕಡೆ ಹಾಗೇ ಮಾಡಬೇಕು. ಆದರೆ ಪೆಟ್ಟಿಗೆಯ ಚಿಪ್‌ಗೆ ಬೇಕಾದ ಡ್ರೈವರ್ ಹಳೆಯ ಕರ್ನೆಲ್‌ಗೆ ಮಾತ್ರ ಸಿಕ್ಕಿರುತ್ತದೆ. ಹೊಸ ಪೆಟ್ಟಿಗೆ ಕೊಳ್ಳಲು ಸಣ್ಣ ಅಂಗಡಿಗೆ, ಸಣ್ಣ ಆಸ್ಪತ್ರೆಗೆ ಹಣ ಇರುವುದಿಲ್ಲ. ಅವರ ಲೆಕ್ಕವೂ ರೋಗಿಗಳ ವಿವರವೂ ಅದೇ ಸುರಂಗದಲ್ಲಿ ಹೋಗಬೇಕು. ಹಾಗೆಂದು ಹಳೆಯದನ್ನು ಎಂದೆಂದಿಗೂ ಎಳೆಯಲಾಗದು. 4.19 ಸರಣಿ ಆರು ವರ್ಷ ನಡೆದು 2024ರ ಡಿಸೆಂಬರ್‌ನಲ್ಲಿ ನಿಂತಿತು. ಬ್ಯಾಕ್‌ಪೋರ್ಟ್ ಕೊಡುವುದು ಕಾಲಾವಕಾಶ. ಅಷ್ಟರೊಳಗೆ ಬದಲಿ ವ್ಯವಸ್ಥೆ ಮಾಡಿಕೊಳ್ಳಿ ಎಂದು ಅವರಿಗೆ ಹೇಳುವುದೂ ನಮ್ಮ ಹೊಣೆ.

ಮಕ್ಕಳೇ, ಪಕ್ಕದವನ ಉತ್ತರ ನಿಮ್ಮ ಲೆಕ್ಕಕ್ಕೂ ಹೊಂದುವಂತೆ ಕಾಣಬಹುದು. ಅದು ಅವನಿಗೆ ಯಾಕೆ ಸರಿ, ನಿಮ್ಮ ಲೆಕ್ಕದಲ್ಲಿ ಬೇರೆ ಏನಿದೆ ಎಂದು ಕೇಳಿಕೊಳ್ಳಿ. ಈ ಎರಡು ಪ್ರಶ್ನೆ ಕೇಳುವ ಅಭ್ಯಾಸ ಇದ್ದವರು ನಮ್ಮ ಕೆಲಸಕ್ಕೆ ಬೇಕಾಗಿದ್ದಾರೆ. ಶಾಲೆಯ ಹಳೆಯ ಕಂಪ್ಯೂಟರ್‌ನಲ್ಲೇ ಶುರು ಮಾಡಬಹುದು. ಲಿನಕ್ಸ್‌ನ ಪ್ರತಿ ಸಾಲೂ ಓದುವವರಿಗೆ ಉಚಿತವಾಗಿ ತೆರೆದಿದೆ.