ಕುಂಡದ ತಳದಲ್ಲಿ ನಿಲ್ಲುವ ನೀರು

ಹಿತ್ತಲಲ್ಲಿ ನಳನಳಿಸುವ ಗುಲಾಬಿಯನ್ನು ಅದೇ ಹಿತ್ತಲಿನ ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟು ನೋಡಿ. ಎಷ್ಟೋ ಸಲ ಎಲೆ ಹಳದಿಯಾಗುತ್ತದೆ, ಬೇರು ಕೊಳೆಯುತ್ತದೆ. ಮಣ್ಣು ಅದೇ, ನೀರೂ ಅದೇ. ಮತ್ತೇನಾಯಿತು?

ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ದೊಡ್ಡ ಸಂದುಗಳಿಂದ ನೀರು ಇಳಿದುಹೋಗಿ ಆ ಜಾಗಕ್ಕೆ ಗಾಳಿ ಬರುತ್ತದೆ. ಸಣ್ಣ ಸಂದುಗಳಲ್ಲಿ ನೀರು ಅಂಟಿಕೊಂಡು ಉಳಿಯುತ್ತದೆ. ಬೇರಿಗೆ ಎರಡೂ ಬೇಕು, ಏಕೆಂದರೆ ಬೇರೂ ಉಸಿರಾಡುತ್ತದೆ. ‘ಎಲೆಯೇ ಆಮ್ಲಜನಕ ತಯಾರಿಸುತ್ತದಲ್ಲ, ಬೇರಿಗೂ ಕಳಿಸಬಾರದೇ?’ ಎಂದು ಕೇಳುವ ಜಾಣರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಭತ್ತ ಹಾಗೇ ಮಾಡುತ್ತದೆ! ಅದರ ಕಾಂಡದೊಳಗೆ ಗಾಳಿ ಇಳಿಯಲು ದಾರಿಗಳಿವೆ. ನೀರು ನಿಂತ ಗದ್ದೆಯಲ್ಲೂ ಅದು ಬದುಕುವುದು ಹೀಗೆ. ಗುಲಾಬಿಗೆ ಅಷ್ಟು ಒಳ್ಳೆಯ ಏರ್ಪಾಡಿಲ್ಲ.

ನೆಲದಲ್ಲಾದರೆ ಮೇಲಿನ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತದೆ. ಕುಂಡದಲ್ಲಿ ತೂತಿನ ಬಳಿಗೆ ಮಣ್ಣು ಮುಗಿಯಿತು, ಎಳೆಯುವವರು ಯಾರೂ ಇಲ್ಲ. ಹಾಗಾಗಿ ನೀರೆಲ್ಲ ಬಸಿದ ಮೇಲೂ ತಳದಲ್ಲಿ ಒಂದು ಪದರ ತೊಪ್ಪೆಯಾಗಿಯೇ ಇರುತ್ತದೆ. ಅಲ್ಲಿ ಗಾಳಿಗೆ ಜಾಗವಿಲ್ಲ.

ಅಡುಗೆಮನೆಯ ಸ್ಪಾಂಜನ್ನು ನೀರಲ್ಲಿ ಅದ್ದಿ, ಅಡ್ಡವಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲಲಿ. ಈಗ ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯಿತಲ್ಲ? ಸ್ಪಾಂಜು ಬದಲಾಗಲಿಲ್ಲ, ಎತ್ತರ ಬದಲಾಯಿತು. ಕುಂಡದಲ್ಲೂ ಇದೇ ಕಥೆ. ತೊಯ್ದ ಪದರ ಎಷ್ಟು ದಪ್ಪ ಎನ್ನುವುದು ಕಣಗಳ ಗಾತ್ರದ ಮೇಲೆ ನಿಂತಿದೆ, ಕುಂಡದ ಎತ್ತರದ ಮೇಲಲ್ಲ. ಆ ಪದರ 5 ಸೆಂ.ಮೀ. ಇದೆ ಎನ್ನೋಣ. 25 ಸೆಂ.ಮೀ. ಕುಂಡದಲ್ಲಿ ಅದು ಐದರಲ್ಲೊಂದು ಪಾಲು, 10 ಸೆಂ.ಮೀ. ಕುಂಡದಲ್ಲಿ ಅರ್ಧಕ್ಕರ್ಧ!

‘ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ’ ಎಂದು ದೊಡ್ಡವರು ಹೇಳುವುದುಂಟು. ಪಾಪ, ಅದು ನಿಜವಲ್ಲ. ಸಣ್ಣ ಸಂದಿನ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯದು. ತೊಯ್ದ ಪದರ ಜಲ್ಲಿಯ ಮೇಲೆ ಹೋಗಿ ಕೂರುತ್ತದೆ, ಬೇರಿಗೆ ಇನ್ನಷ್ಟು ಹತ್ತಿರ. ತೂತಿನಿಂದ ಮಣ್ಣು ಜಾರದಂತೆ ಒಂದು ಹೆಂಚಿನ ಚೂರು ಸಾಕು.

ಕೋಲಾರದ ಕಡೆಯ ನರ್ಸರಿಗಳಲ್ಲಿ ಟೊಮೆಟೊ ಸಸಿ ಬೆಳೆಸುವ ಪ್ರೋಟ್ರೇ, ಅಂದರೆ ಸಾಲುಸಾಲು ಗುಳಿಗಳಿರುವ ತಟ್ಟೆ, ನೋಡಿದ್ದೀರಾ? ಅದರ ಗುಳಿಗಳು ನಾಲ್ಕೇ ಸೆಂ.ಮೀ. ಆಸುಪಾಸು ಆಳ. ಮಣ್ಣು ತುಂಬಿದರೆ ಪೂರ್ತಿ ಕೆಸರಾದೀತು. ಅದಕ್ಕೇ ಅಲ್ಲಿ ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದಾಗ ಉಳಿಯುವ ಪುಡಿ. ಅದರ ಗಾತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಸಂದು! ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದೂ ಗಾಳಿಗೆ ಜಾಗ ಬಿಡುತ್ತದೆ. ಹಸಿ ಪುಡಿಯಲ್ಲಿ ಉಪ್ಪಿನಂಶ ಇರಬಹುದು. ತೊಳೆದು, ಕೊಳೆಸಿ ಬಳಸಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸೂಕ್ಷ್ಮಜೀವಿಗಳಿಂದ ಹುದುಗಿಸಿದ ಪುಡಿಗೆ ‘ಅರ್ಕಾ ಫರ್ಮೆಂಟೆಡ್ ಕೊಕೊಪೀಟ್’ ಎಂದು ಹೆಸರಿಟ್ಟಿದ್ದಾರೆ.

ನಿಮ್ಮ ಕುಂಡದಲ್ಲಿ ಗಾಳಿ ಎಷ್ಟಿದೆ ಎಂದು ನೀವೇ ಅಳೆಯಬಹುದು. ಒಂದು ಲೀಟರ್ ಹಿಡಿಯುವ ಕುಂಡದ ತೂತು ಮುಚ್ಚಿ, ನೀವು ಬಳಸುವ ಕೊಕೊಪೀಟ್ ಮಿಶ್ರಣ ತುಂಬಿ. ಮೇಲ್ಮೈ ಮಿನುಗುವವರೆಗೆ ನಿಧಾನವಾಗಿ ನೀರೆರೆದು, ಸ್ವಲ್ಪ ಹೊತ್ತು ನೆನೆಯಲು ಬಿಡಿ. ಆಮೇಲೆ ತೂತು ತೆರೆದು, ಬಸಿದ ನೀರನ್ನೆಲ್ಲ ಹಿಡಿದು ಅಳೆಯಿರಿ. 150 ಮಿ.ಲೀ. ಬಂದರೆ ಆ ಜಾಗಕ್ಕೆಲ್ಲ ಗಾಳಿ ಬಂತು ಎಂದರ್ಥ: ಶೇ 15. ಸಾಮಾನ್ಯವಾಗಿ ಶೇ 10ರಿಂದ 20 ಇದ್ದರೆ ಒಳ್ಳೆಯದು. ಕಡಿಮೆ ಬಂದರೆ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳಿನ ದಪ್ಪ ಕಣಗಳನ್ನು ಬೆರೆಸಿ ಮತ್ತೆ ಅಳೆಯಿರಿ. ನಯವಾದ ಮರಳು ಬೇಡ; ಅದು ಸಂದುಗಳಲ್ಲೇ ಹೋಗಿ ಕೂತುಬಿಡುತ್ತದೆ. ವರ್ಷ ಕಳೆದ ಮೇಲೆ ಅದೇ ಮಿಶ್ರಣ ಅಳೆದರೆ ಲೆಕ್ಕ ಕಡಿಮೆಯಾಗಿರಬಹುದು: ಪುಡಿ ಕೊಳೆತು ಕುಸಿಯುತ್ತಾ ಹೋದಂತೆ ಮೊದಲು ಮುಚ್ಚಿಹೋಗುವುದು ದೊಡ್ಡ ಸಂದುಗಳೇ.